ಇಬ್ಬರಿಗೂ ಬಲಕ್ಕೆ ಬಿದ್ದ ಹೂ

ಹಳ್ಳದ ದ್ಯಾಮವ್ವನನ್ನು ನಂಬಿದ ನನ್ನ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ಸುವರ್ಣಾ ಮಾಡುವ ಶರಣು. ಮುದ್ದೇಬಿಹಾಳದಲ್ಲಿ ಖಡಕ್ ರೊಟ್ಟಿ ಬಡಿದು ಮಾರುವವಳು ನಾನು. ಕೋರ್ಟಿನಲ್ಲಿ ಗೆದ್ದ ಮೇಲೂ ಮಗಳ ಔಷಧಕ್ಕೆ ಗತಿಯಿಲ್ಲದೆ ಕೂತಿದ್ದೆ. ಆ ಸಂಕಟದಿಂದ ತಾಯಿ ನನ್ನನ್ನು ಹೇಗೆ ಪಾರು ಮಾಡಿದಳು ಎಂದು ನಿಮಗೆ ತಿಳಿಸಬೇಕು. ಆದರೆ ಆಕೆ ಕೇಳಿದ್ದು ನನ್ನ ಮಾತೋ ನನ್ನ ಅತ್ತೆಯ ಮಾತೋ ಎಂಬುದು ಬಹಳ ದಿನ ನನಗೆ ತಿಳಿದಿರಲಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ, ಓದಿ ನೋಡಿ.

ಮಗಳು ಭೂಮಿಕಾ ತೊಟ್ಟಿಲಲ್ಲಿದ್ದಾಗ ಗಂಡ ನಮ್ಮನ್ನು ಬಿಟ್ಟ. ಅವನ ಊರು ಸಿಂದಗಿ ಕಡೆ. ನಾನು ಕೂಸನ್ನು ಎತ್ತಿಕೊಂಡು ಮುದ್ದೇಬಿಹಾಳದ ತವರಿಗೆ ಬಂದೆ. ಹೆಣ್ಣುಮಕ್ಕಳಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇದೆ ಎಂದು ಓಣಿಯವರು ಹೇಳಿದರು. ಅಲ್ಲಿ ಸಿಕ್ಕ ವಕೀಲ ಮೇಡಂ ಮಗಳ ಜೀವನಾಂಶಕ್ಕೆ ಅರ್ಜಿ ಹಾಕಿದರು. ಗಂಡ ಕೋರ್ಟಿಗೆ ಒಮ್ಮೆ ಬಂದು ಮುಖ ತೋರಿಸಿ ಹೋದವನು ಮತ್ತೆ ಬರಲಿಲ್ಲ. ತಿಂಗಳು ತಿಂಗಳು ಮಗಳ ಖರ್ಚಿಗೆ ಕೊಡಬೇಕೆಂದು ಆದೇಶವಾಯಿತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಅವನು ಕೆಲವು ತಿಂಗಳು ಕೊಟ್ಟ. ಆಮೇಲೆ ನಿಲ್ಲಿಸಿದ, ಫೋನ್ ನಂಬರನ್ನೂ ಬದಲಿಸಿದ.

ಆದೇಶವಾಗಿದೆ ಎಂದರೆ ಕೋರ್ಟಿನವರೇ ವಸೂಲಿ ಮಾಡಿ ಕಳಿಸುತ್ತಾರೆ ಎಂದು ನಾನು ತಿಳಿದಿದ್ದೆ. ಕಾದೆ. ಯಾರೂ ಕಳಿಸಲಿಲ್ಲ. ಗೆದ್ದವಳು ನಾನೋ ಅವನೋ ಎಂಬುದೇ ಗೊಂದಲವಾಯಿತು. ಕಡೆಗೆ ಆದೇಶದ ನಕಲನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ದ್ಯಾಮವ್ವನ ಪಾದದಲ್ಲಿ ಇಟ್ಟು ಬಂದೆ. ಆಕೆಯ ಪಾದಕ್ಕೆ ಹಾಕಿದ ಮೇಲೆ ಮತ್ತೆ ವಕೀಲರ ಮುಂದೆ ನಿಂತರೆ ಆಕೆಯನ್ನು ನಂಬಲಿಲ್ಲ ಅಂದಂತೆ ಆಗುತ್ತದಲ್ಲ ಎಂದು ಸುಮ್ಮನಿದ್ದುಬಿಟ್ಟೆ.

ಅಷ್ಟರಲ್ಲಿ ಮಗಳು ಶಾಲೆಗೆ ಹೋಗತೊಡಗಿದ್ದಳು. ಅದರ ಮುಂದಿನ ಚಳಿಗಾಲದಲ್ಲಿ ಒಂದು ದಿನ ಶಾಲೆಯಿಂದ ಫೋನ್ ಬಂತು. ಭೂಮಿಕಾಳಿಗೆ ಉಸಿರು ಸಿಕ್ಕಿಕೊಂಡಿತ್ತು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಆಟೋ ಹತ್ತಿ ಅವಳನ್ನು ಸರಕಾರಿ ದವಾಖಾನೆಗೆ ಒಯ್ದೆ. ಮೂಗಿಗೆ ಮುಖವಾಡ ಕಟ್ಟಿ ಹಬೆ ಕೊಟ್ಟರು. ಡಾಕ್ಟರು, "ಇದು ದಮ್ಮು ಐತಿ. ಇವತ್ತ ಆರಾಮಾತು ಅಂತ ಬಿಡಬ್ಯಾಡ್ರಿ. ದಿನಾ ಈ ಪಂಪ್ ಎಳೀಬೇಕು," ಎಂದರು. ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಆ ಪಂಪನ್ನು ಹೊರಗೆ ಅಂಗಡಿಯಲ್ಲೇ ಕೊಳ್ಳಬೇಕಿತ್ತು. ಒಂದು ಮುಗಿದ ಮೇಲೆ ಇನ್ನೊಂದು ತರಲು ನನಗೆ ಆಗುತ್ತಿರಲಿಲ್ಲ. ಮಗಳು ಮಲಗಿದಾಗ ಅವಳ ಎದೆ ಪಿಟೀಲಿನಂತೆ ಕುಯ್ ಅನ್ನುತ್ತಿತ್ತು. ಅದನ್ನು ಕೇಳುತ್ತ ಯಾವ ತಾಯಿಗೆ ನಿದ್ದೆ ಬರುತ್ತದೆ?

ಮತ್ತೆ ವಕೀಲ ಮೇಡಂ ಹತ್ತಿರ ಹೋದೆ. ಅವರು ಸಿಟ್ಟಾದರು. "ಸುವರ್ಣಾ, ಆದೇಶ ತಾನ ನಡಕೋತ ಮನಿಗಿ ಬರೂದಿಲ್ಲ. ಕೊಟ್ಟಿಲ್ಲ ಅಂತ ನೀ ಬಂದು ಹೇಳಬೇಕು. ಅದೂ ವರ್ಷದೊಳಗ ಹೇಳಬೇಕು. ನಕಲು ಎಲ್ಲೈತಿ?"

"ದ್ಯಾಮವ್ವನ ಹಂತ್ಯಾಕ ಐತ್ರಿ."

"ಇರ್ಲಿ, ಆಕಿನೂ ಓದ್ಲಿ. ನಾವು ಇನ್ನೊಂದು ತಗಸೂಣು."

ಎರಡು ಅರ್ಜಿ ಹಾಕಿದರು. ಬಾಕಿ ವಸೂಲಿ ಮಾಡಿಸಲು ಒಂದು. ಮಗಳು ಶಾಲೆಗೆ ಹೋಗುತ್ತಾಳೆ, ಕಾಯಿಲೆ ಬಂದಿದೆ, ಹಳೆಯ ಜೀವನಾಂಶ ಸಾಲದು, ಹೆಚ್ಚಿಸಬೇಕು ಎಂದು ಇನ್ನೊಂದು. ಅದಕ್ಕೊಂದು ತಾರೀಖು, ಇದಕ್ಕೊಂದು ತಾರೀಖು. ಹಳೆಯದನ್ನೇ ಕೊಡದವನ ಹತ್ತಿರ ಹೆಚ್ಚಿಗೆ ಕೇಳುವುದು ಯಾವ ಲೆಕ್ಕ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಹೆಬ್ಬೆಟ್ಟು ಒತ್ತುವ ಕಾಲ ಹೋಗಿದೆ, ನಾನು ಸಹಿ ಮಾಡಬಲ್ಲೆ. ಆದರೆ ಯಾವುದಕ್ಕೆ ಸಹಿ ಮಾಡಿದೆ ಎಂದು ಕೇಳಿದರೆ ಹೇಳಲಾರೆ.

ಗಂಡನ ಮೇಲೆ ವಾರಂಟ್ ಆಯಿತು. ಬಾಕಿ ಕಟ್ಟದಿದ್ದರೆ ಜೈಲಿಗೂ ಹಾಕಬಹುದು ಎಂದು ಮೇಡಂ ಹೇಳಿದರು. ನಮಗೆ ಗೊತ್ತಿದ್ದ ವಿಳಾಸ ಒಂದೇ, ಸಿಂದಗಿ ಕಡೆಯ ಅತ್ತೆಯ ಮನೆ. ಪೊಲೀಸರು ಅಲ್ಲಿಗೇ ಹೋದರು.

ಆಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಬಾಗೇವಾಡಿಯಲ್ಲಿ ಬಸ್ ಬದಲಿಸಿ, ಸಿಂದಗಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಗುಡಿ ಮುಟ್ಟಿದೆ. ನಮ್ಮ ದ್ಯಾಮವ್ವನ ಹತ್ತಿರ ಹೂ ಕೇಳುವ ಪದ್ಧತಿ ನಿಮಗೆ ಗೊತ್ತೇ ಇದೆ. ಪೂಜಾರಿ ಅಜ್ಜ ಒದ್ದೆ ಹೂವನ್ನು ತಾಯಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಕೆಲಸ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಪಾಳಿಯಲ್ಲಿ ನನ್ನ ಮುಂದೆ ಒಬ್ಬ ಮುದುಕಿ ಸೆರಗು ಒಡ್ಡಿ ನಿಂತಿದ್ದರು. ದನಿ ಕೇಳಿ ನನ್ನ ಮೈ ಉರಿಯಿತು. ಅವರು ನನ್ನ ಅತ್ತೆ ನೀಲವ್ವ. ಮಗ ನನ್ನನ್ನು ಬಿಟ್ಟಾಗ ಒಂದು ಮಾತೂ ಆಡದೆ ಬಾಗಿಲಲ್ಲಿ ನಿಂತು ನೋಡಿದವರು.

"ನನ್ನ ಮಗನ ಕೈಗೆ ಬೇಡಿ ಬೀಳದಂಗ ಮಾಡವ್ವಾ," ಎಂದು ಅವರು ಬೇಡುತ್ತಿದ್ದರು. "ಹಳ್ಳದಿಂದ ಗುಡಿತನಕ ದೀಡ್ ನಮಸ್ಕಾರ ಹಾಕತೇನಿ."

ಹೂ ಬಲಕ್ಕೆ ಬಿತ್ತು. ಅತ್ತೆ ತಿರುಗಿ ನನ್ನನ್ನು ಕಂಡರು. ನಾನು ಅವರನ್ನು ದಾಟಿ ಮುಂದೆ ಹೋಗಿ, ಅವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ: "ಅಂವ ಎಲ್ಲಿದ್ರೂ ಸಿಗಲಿ, ನನ್ನ ಮಗಳ ಹಕ್ಕು ಬರಲಿ. ಬಂದ್ರ ನಾನೂ ದೀಡ್ ನಮಸ್ಕಾರ ಹಾಕತೇನಿ." ಬಾಯಲ್ಲಿ ಮಗಳ ಹಕ್ಕು ಎಂದೆ, ಕಣ್ಣ ಮುಂದೆ ಜೈಲಿನ ಬಾಗಿಲೇ ಇತ್ತು.

ನನ್ನ ಹೂವೂ ಬಲಕ್ಕೆ ಬಿತ್ತು.

ಪೂಜಾರಿ ಅಜ್ಜ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. "ಆಕಿಗೂ ಬಲಕ್ಕ ಆತು, ನಿನಗೂ ಬಲಕ್ಕ ಆತು. ನಾ ಏನ್ ಹೇಳ್ಲಿ ತಂಗೀ? ಹೂ ಇಡೂದಷ್ಟ ನನ್ನ ಕೆಲಸ."

ತಿರುಗಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಯಿಯ ಜೊತೆ ಜಗಳವಾಡಿದೆ. ಇಬ್ಬರಿಗೂ ಹೂಂ ಅನ್ನಲು ನೀನು ದೇವರೋ, ಓಟು ಕೇಳಲು ಬಂದ ಪುಢಾರಿಯೋ ಎಂದು ಬೈದೆ. ಅವನು ಸಿಗಲಿಲ್ಲ. ಆಸಾಮಿ ಊರಲ್ಲಿಲ್ಲ ಎಂದು ಬರೆದು ವಾರಂಟ್ ವಾಪಸ್ ಬಂತು. ಶ್ರಾವಣದಲ್ಲಿ ಭೂಮಿಕಾಳಿಗೆ ಮತ್ತೆ ಉಸಿರು ಕಟ್ಟಿತು, ಮತ್ತೆ ಮುಖವಾಡ, ಮತ್ತೆ ಹಬೆ. ಹೂ ಬಿದ್ದದ್ದು ನನಗಲ್ಲ, ಅತ್ತೆಗೇ ಎಂದು ಖಾತ್ರಿಯಾಯಿತು. ಗುಡಿಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ದೀಪ ಹಚ್ಚುವಾಗಲೂ ಅತ್ತ ಮುಖ ತಿರುಗಿಸಿ ಹಚ್ಚುತ್ತಿದ್ದೆ.

ಮುಂದಿನ ತಾರೀಖಿನ ದಿನ ಮಗಳನ್ನು ಕರೆದುಕೊಂಡು ಕೋರ್ಟಿಗೆ ಹೋದೆ. ಬೇವಿನ ಗಿಡದ ಕೆಳಗೆ ಅತ್ತೆ ಕೂತಿದ್ದರು. ಸಿಂದಗಿ ಕಡೆಯಿಂದ ಒಬ್ಬರೇ ಎರಡು ಬಸ್ ಹತ್ತಿ ಬಂದಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನೂ ಸೆರಗು ಬಿಗಿದೆ. ಅವರು ಭೂಮಿಕಾಳ ಕೈಯಲ್ಲಿದ್ದ ಪಂಪನ್ನೇ ನೋಡುತ್ತಿದ್ದರು.

"ಇದೇನಿದು?"

"ಉಸಿರಾಡಾಕ ಬೇಕ್ರಿ ಆಕಿಗೆ. ನಿಮ್ಮ ಮಗಾ ಬಿಟ್ಟು ಹೋದ ಕೂಸು."

ಅತ್ತೆ ಮೊಮ್ಮಗಳನ್ನು ಹತ್ತಿರ ಕರೆದು ತಲೆ ಸವರಿದರು. ಆಮೇಲೆ ನಿಧಾನಕ್ಕೆ ಹೇಳಿದರು: "ಆ ತಾಯಿ ಸುಳ್ಳ ಹೇಳಾಕಿ ಅಲ್ಲ, ಸುವರ್ಣಾ. ನನಗೂ ಬಲಕ್ಕ ಕೊಟ್ಟಾಳ, ನಿನಗೂ ಬಲಕ್ಕ ಕೊಟ್ಟಾಳ. ಅಂದ ಮ್ಯಾಲ ಎರಡೂ ಖರೇನ ಆಗಬೇಕು. ಅದಕ್ಕ ಹಾದಿ ಯಾವ್ದು ಅಂತ ನಿಮ್ಮ ವಕೀಲರನ್ನ ಕೇಳೂಣು ನಡಿ."

ಅಷ್ಟು ದಿನ ಎರಡರಲ್ಲಿ ಯಾವುದು ಸುಳ್ಳು ಎಂದು ತಲೆ ಕೆಡಿಸಿಕೊಂಡ ನನಗೆ ಎರಡೂ ನಿಜವಿರಬಹುದು ಎಂದು ಹೊಳೆದೇ ಇರಲಿಲ್ಲ.

ಮೇಡಂ ಅತ್ತೆಯ ಮಾತನ್ನು ನಗದೆ ಕೇಳಿದರು. "ಹಾದಿ ಐತ್ರಿ ಅಜ್ಜಿ. ಜೈಲಿಗೆ ಹಾಕಿದ್ರ ಅಂವಗ ಪಗಾರಾನೂ ಇಲ್ಲ, ಕೂಸಿಗೆ ಔಷಧಾನೂ ಇಲ್ಲ. ಅಂವ ಎಲ್ಲಿ ದುಡಿತಾನ ಅನ್ನೂದು ಗೊತ್ತಾದ್ರ, ಪಗಾರದಾಗ ಹಿಡಿದು ನೇರ ಕಳಸ್ರಿ ಅಂತ ಅಲ್ಲಿಗೇ ಆದೇಶ ಮಾಡ್ರಿ ಅಂತ ಜಡ್ಜ್ ಸಾಹೇಬರನ್ನ ಕೇಳತೇನಿ. ಆದ್ರ ಎಲ್ಲಿದಾನೋ ಯಾರಿಗೂ ಗೊತ್ತಿಲ್ಲ."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನನಗ ಗೊತ್ತೈತ್ರಿ," ಎಂದರು. ನನ್ನ ಗಂಡ ಇಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ಕಾಯಂ ಆಗಿದ್ದ. ಹೆತ್ತ ಮಗನ ಗುಟ್ಟನ್ನು ಅವರೇ ಬಿಟ್ಟುಕೊಟ್ಟದ್ದನ್ನು ನಾನು ಮರೆಯಲಾರೆ. ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿದು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಮತ್ತೆ ಕೆಲವು ತಾರೀಖುಗಳಾದವು. ಈ ಸಲ ಅವನು ಬಂದ, ತಲೆ ತಗ್ಗಿಸಿ ನಿಂತ. ಪಗಾರದಲ್ಲಿ ಹಿಡಿಯಲು ಆದೇಶವಾಯಿತು. ಬಾಕಿ ಕಂತಿನಲ್ಲಿ, ಪ್ರತಿ ತಿಂಗಳದ್ದು ಆಯಾ ತಿಂಗಳೇ. ಜೀವನಾಂಶವನ್ನೂ ಹೆಚ್ಚಿಸಿದರು. ನಾವು ಕೇಳಿದಷ್ಟಲ್ಲ, ಆದರೆ ಪಂಪಿಗೂ ಶಾಲೆಗೂ ಸಾಕಾಗುವಷ್ಟು. ದೀಪಾವಳಿಗೆ ಮೊದಲ ಸಲ ಖಾತೆಗೆ ಜಮಾ ಆಯಿತು. ಮಗ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದನೆಂದು ಅತ್ತೆ ಹೇಳಿದರು. ನನಗೆ ಕೆಡುಕೆನಿಸಿತು. "ಬೈಲಿ ಬಿಡು," ಎಂದರು ಅವರು. "ಜೈಲಿನ ಹೊರಗ ನಿಂತ ಬೈಯಾಕತ್ತಾನಲ್ಲ, ಅಷ್ಟ ಸಾಕು."

ಎಳ್ಳ ಅಮಾವಾಸ್ಯೆಗೆ ಇಬ್ಬರೂ ಹರಕೆ ತೀರಿಸಿದೆವು. ಹಳ್ಳದ ತಣ್ಣೀರಿನಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲಿ ಅಕ್ಕಪಕ್ಕ ನಿಂತೆವು. ದೀಡ್ ನಮಸ್ಕಾರವೆಂದರೆ ಮೈಯುದ್ದ ಮಲಗಬೇಕು, ಕೈ ಮುಟ್ಟಿದಲ್ಲಿ ಒಬ್ಬರು ಗೆರೆ ಎಳೆಯಬೇಕು, ಆ ಗೆರೆಯಿಂದ ಎದ್ದು ಮತ್ತೆ ಮಲಗಬೇಕು, ಹೀಗೆ ಗುಡಿ ಮುಟ್ಟಬೇಕು. ಭೂಮಿಕಾ ಬೇವಿನ ಕಡ್ಡಿ ಹಿಡಿದು ಇಬ್ಬರಿಗೂ ಬೇರೆ ಬೇರೆ ಗೆರೆ ಎಳೆಯುತ್ತ ಅತ್ತಿತ್ತ ಓಡುತ್ತಿದ್ದಳು. ದಮ್ಮು ಬಂದೀತೆಂದು ಹೆದರಿ, "ಒಂದ ಗೆರಿ ಎಳಿ, ನಿಮ್ಮ ಅಜ್ಜಿದು ಸಾಕು," ಎಂದೆ. ನನ್ನ ಕೈ ಅತ್ತೆಯ ಕೈಗಿಂತ ಮುಂದೆ ಮುಟ್ಟುತ್ತಿತ್ತು. ಪ್ರತಿ ಸಲವೂ ಹಿಂದೆ ಸರಿದು ಅವರ ಗೆರೆಯಿಂದಲೇ ಮಲಗಿದೆ.

ಗರ್ಭಗುಡಿಯ ಮುಂದೆ ಏದುಸಿರು ಬಿಡುತ್ತ ನಿಂತಾಗ, "ನನ್ನ ಮಗಾ ಒಮ್ಮಿ ಬಂದು ಮಗಳ ಮಾರಿ ನೋಡ್ಲೆವ್ವಾ," ಎಂದು ಅತ್ತೆ ಬೇಡುವುದು ಕೇಳಿಸಿತು. ಅವನು ನಮ್ಮ ಹೊಸ್ತಿಲು ತುಳಿಯಬಾರದು ಎಂಬ ಮಾತು ಅದೇ ಗಳಿಗೆಗೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಭೂಮಿಕಾ ನಮ್ಮಿಬ್ಬರ ನಡುವೆ ಕಡ್ಡಿ ಹಿಡಿದು ನಿಂತಿದ್ದಳು, ಎದೆಯಲ್ಲಿ ಸದ್ದಿರಲಿಲ್ಲ.

ಪೂಜಾರಿ ಅಜ್ಜ ಹೂವಿನ ಬುಟ್ಟಿಗೆ ಕೈ ಹಾಕಿ, "ಇಡ್ಲೇನ್ರಿ?" ಎಂದರು.

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಬ್ಯಾಡ್ರಿ ಅಜ್ಜಾರ," ಎಂದು ಇಬ್ಬರೂ ಕೂಡಿಯೇ ಹೇಳಿದೆವು.

ತಾಯಿ, ನನ್ನ ಮಗಳ ಉಸಿರು ಉಳಿಸಿದೆ, ನಿನ್ನ ಋಣ ತೀರದು. ನಿನ್ನ ಮೇಲೆ ನನಗೆ ನಂಬಿಕೆ ಕಡಿಮೆಯಾಗಿ ಹೂ ಬೇಡ ಅನ್ನಲಿಲ್ಲ. ಕೇಳಿದರೆ ನೀನು ಇಬ್ಬರದ್ದೂ ನಡೆಸಿಯೇ ಬಿಡುತ್ತೀ ಎಂಬುದು ಈಗ ನನಗೆ ಗೊತ್ತು.