ಗೋಡೆಗೆ ಒರಗಿಸಿದ ಬ್ಯಾಟುಗಳ ಪಾಳಿ

ಗುಂಪಿನಲ್ಲಿ ಆಟ ಕಲಿಸುವವರಿಗೆ ದೊಡ್ಡ ತಲೆನೋವು ಆಟವಲ್ಲ, ಆಡುವವರು. ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ನೂರಾರು ಮಕ್ಕಳನ್ನು ಒಂದು ಸೀಟಿ ಊದಿ ಸಾಲು ನಿಲ್ಲಿಸುವ ನನಗೆ, ಬೈಲಹೊಂಗಲದ ಹತ್ತು ಹನ್ನೆರಡು ಹೆಂಗಸರಿಗೆ ಬೆಳಿಗ್ಗೆ ಪಿಕಲ್‌ಬಾಲ್ ಎಂಬ, ಟೆನಿಸ್ಸಿನಂತೆ ನೆಟ್ಟಿನ ಆಚೀಚೆ ಇಬ್ಬಿಬ್ಬರು ನಿಂತು ಆಡುವ ಆಟ ಕಲಿಸುವಷ್ಟರಲ್ಲಿ ಸಾಕುಸಾಕಾಗಿ ಹೋಯಿತು. ಒಬ್ಬಳು ತಂಗಿಯನ್ನು ಬಿಟ್ಟು ಆಡಳು, ಇನ್ನೊಬ್ಬಳು ನಾದಿನಿಯ ಜೊತೆ ಆಡಳು. ನೆಟ್ಟಿನ ಪಕ್ಕದ ಪಟ್ಟಿಗೆ ಕಿಚನ್ ಅನ್ನುತ್ತಾರೆ, ಅಲ್ಲಿ ನಿಂತು ಪುಟಿಯದ ಚೆಂಡು ಹೊಡೆಯಬಾರದು ಎಂದರೆ, "ಇಲ್ಲೂ ಅಡಗಿಮನಿ ಬೆನ್ನ ಬಿಡಲಿಲ್ಲಲ್ರಿ ಅಕ್ಕಾರ!" ಎಂದು ನಗುತ್ತ ಕೂತುಬಿಡುತ್ತಿದ್ದರು.

ಕೊನೆಗೆ ನಾನು ಬ್ಯಾಟುಗಳ ಪಾಳಿ ಹಚ್ಚಿದೆ. ಬಂದವರು ಬಂದ ಹಾಗೆ ತಮ್ಮ ಬ್ಯಾಟನ್ನು ಗೋಡೆಗೆ ಒರಗಿಸಿಡಬೇಕು, ನಳದ ಮುಂದೆ ಕೊಡ ಇಟ್ಟಂತೆ. ಮೊದಲ ನಾಲ್ಕು ಬ್ಯಾಟಿನವರು ಕೋರ್ಟಿಗೆ. ಉಳಿದವರು ಖಾಲಿ ಕೂರದೆ, ನನ್ನ ಹಳೆಯ ಬ್ಯಾಟು ಹಿಡಿದು ನನ್ನೆದುರು ಹೊಡೆತ ತಿದ್ದಿಕೊಳ್ಳಬೇಕು. ಆಟ ಮುಗಿದಾಗ ಕೈಕುಲುಕುವ ಬದಲು ನಾಲ್ವರೂ ಬ್ಯಾಟಿಗೆ ಬ್ಯಾಟು ತಾಗಿಸಬೇಕು, ಆಮೇಲೆ ಅವರ ಬ್ಯಾಟು ಸಾಲಿನ ಕೊನೆಗೆ. ಯಾರ ಜೊತೆ ಯಾರು ಎಂದು ಬ್ಯಾಟೇ ಹೇಳುತ್ತದೆ, ಮನುಷ್ಯರು ಹೇಳುವಂತಿಲ್ಲ. ಒಂದೇ ವಾರದಲ್ಲಿ ಗಲಾಟೆ ನಿಂತಿತು, ನನಗೆ ಹೆಮ್ಮೆಯೋ ಹೆಮ್ಮೆ.

ಸಾಲು ನೋಡಿಕೊಳ್ಳುವ ಕೆಲಸ ನನ್ನ ಗೆಳತಿಯದು. ಜಾಗವೂ ಅವಳದೇ, ಅಂದರೆ ಅವಳ ಗಂಡನ ಮನೆಯ ಹತ್ತಿ ಗೋಡೌನಿನ ಮುಂದಿನ ಕಾಂಕ್ರೀಟ್ ಅಂಗಳ. ನಾವಿಬ್ಬರೂ ದೊಡವಾಡದವರು, ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಬಂದವರು. ಅವಳದು ಹೊಲ, ವ್ಯಾಪಾರದ ದೊಡ್ಡ ಮನೆತನ, ನಮ್ಮದು ಮನೆಮನೆಯಲ್ಲೂ ಬುದ್ಧನ ಪಟವಿರುವ, ಊರ ಹೊರಗಿನ ಓಣಿ. ನನ್ನ ಮದುವೆಯಲ್ಲಿ ಅವಳು ನಮ್ಮವರ ನಡುವೆ ಕೂತು ಉಂಡಿದ್ದಳು. ಅವಳ ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ಜಾಗರಣೆ ಮಾಡಿದವಳು ನಾನು. ನಮ್ಮಿಬ್ಬರ ನಡುವೆ ಜಾತಿ ಸುಳಿದೇ ಇಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಈ ವರ್ಷ ನಮ್ಮ ಜಾತಿಯವಳೇ ಒಬ್ಬಳು ಕ್ಲಾಸಿಗೆ ಸೇರಿದಳು. ಮನೋಳಿಯಿಂದ ಮದುವೆಯಾಗಿ ಬಂದವಳು, ಹೊಲಿಗೆ ಅವಳ ಕಸುಬು, ಕೈ ಬಲು ಚುರುಕು. ಬ್ಯಾಟಿನ ಹಿಡಿಗೆ ತಾನೇ ಕೆಂಪು ಬಟ್ಟೆ ಹೊಲಿದು ಹಾಕಿದ್ದಳು. ಕೆಲವು ದಿನ ಕಳೆದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅಕ್ಕಾರ, ನನ್ನ ಪಾಳಿ ಬರವಲ್ದು ನೋಡ್ರಿ," ಎಂದಳು.

ನಾನು ಸಾಲಿನ ಕಡೆ ಒಂದು ಕಣ್ಣಿಟ್ಟೆ. ಮರುದಿನ ಕೆಂಪು ಹಿಡಿಯ ಬ್ಯಾಟು ಮುಂದಿನ ನಾಲ್ಕರಲ್ಲಿ ಬಂದಿತ್ತು. ನನ್ನ ಗೆಳತಿ ಬಗ್ಗಿದಳು, ಸಂತೆಯಲ್ಲಿ ಬದನೆಕಾಯಿ ಆರಿಸುವಷ್ಟು ಸಹಜವಾಗಿ ಅದನ್ನೆತ್ತಿ ಹಿಂದಕ್ಕಿಟ್ಟಳು.

ಎಲ್ಲರೂ ಹೋದ ಮೇಲೆ ಕೇಳಿದೆ, "ಆಕಿ ಬ್ಯಾಟ ಯಾಕ ಹಿಂದ ಇಟ್ಟಿ?"

"ಇಬ್ಬರು ಕ್ಲಾಸ್ ಬಿಡತೇವಿ ಅಂದ್ರು. ಆಟ ಮುಗದ ಮ್ಯಾಲೆ ಆಕಿ ಬ್ಯಾಟಿಗೆ ಬ್ಯಾಟ ತಾಗಸಬೇಕಲ್ಲ, ಅದು ಅವರಿಗೆ ಸೇರೂದಿಲ್ಲ. ನಿನ್ನ ಕ್ಲಾಸ್ ಮುರೀಬಾರದಂತ ನಾನ ಹಿಂಗ ಮಾಡೇನಿ."

"ನಾನೂ ಆಕಿ ಜಾತಿಯಾಕಿನ ಅಲ್ಲೇನು?"

"ಏ ಹುಚ್ಚಿ, ನೀ ಬ್ಯಾರೆ, ಆಕಿ ಬ್ಯಾರೆ. ನೀ ನಮ್ಮಾಕಿ ಆಗಿ ಎಷ್ಟ ವರ್ಷಾತು!" ಎಂದು ಬೆನ್ನು ತಟ್ಟಿದಳು.

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಪ್ರೀತಿಯಿಂದಲೇ ಹೇಳಿದಳು, ಅದಕ್ಕೇ ಮೈಯೆಲ್ಲ ಉರಿಯಿತು. ನನ್ನವರನ್ನೆಲ್ಲ ಬಾಗಿಲಾಚೆ ನಿಲ್ಲಿಸಿ ನನ್ನೊಬ್ಬಳನ್ನು ಒಳಗೆ ಕರೆದುಕೊಂಡಿದ್ದಳು, ನಾನು ಅದನ್ನೇ ಗೆಳೆತನ ಎಂದು ನಂಬಿದ್ದೆ. ಅದೂ ನಾನು ಮಾಡಿದ ಪಾಳಿಯಲ್ಲೇ, ನನ್ನ ಬೆನ್ನ ಹಿಂದೆ! ಮನೆಗೆ ಹೋಗಿ ಅತ್ತುಬಿಟ್ಟೆ.

ಮರುದಿನ ಸಾಲಿನ ಮುಂದೆ ನಾನೇ ನಿಂತೆ. ನನ್ನ ಬ್ಯಾಟನ್ನು ಮೊದಲಿಗಿಟ್ಟೆ, ಪಕ್ಕಕ್ಕೆ ಕೆಂಪು ಹಿಡಿಯ ಬ್ಯಾಟನ್ನು. "ಇವತ್ತ ನಾನೂ ಆಡತೇನಿ. ಮುಂದಿನ ಇಬ್ಬರು ಬರ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಒಂದು ಬ್ಯಾಟು ಬ್ಯಾಂಕಿನಲ್ಲಿ ಕೆಲಸ ಮಾಡುವವಳದು. ಆಕೆ ಎದ್ದು ಬಂದು ನೆಟ್ಟಿನಾಚೆ ನಿಂತಳು. ಇನ್ನೊಂದು ನನ್ನ ಗೆಳತಿಯದು.

ಅವಳು ಗೋಡೌನಿನ ಕಟ್ಟೆಯ ಮೇಲೆ ಪಾಳಿ ಕಾಯುತ್ತಿದ್ದ ಉಳಿದವರ ಮುಖ ನೋಡಿದಳು, ನನ್ನ ಮುಖ ನೋಡಲಿಲ್ಲ. "ಮೊಣಕಾಲ ಯಾಕೋ ಹಿಡದೇತಿ," ಎಂದು ಕೂತಲ್ಲೇ ಕಾಲು ನೀವಿಕೊಂಡಳು. ಅವಳಿಗೆ ಮೊಣಕಾಲು ನೋವೆಂಬುದು ಯಾವತ್ತೂ ಇರಲಿಲ್ಲ.

ಹೊಲಿಗೆಯವಳು ಅದನ್ನು ನಿಜವೆಂದೇ ತಿಳಿದಳು. ಬ್ಯಾಟು ಕೆಳಗಿಟ್ಟು ಓಡಿಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಲ್ಲಿ ನೋಯತೇತ್ರಿ ಅಕ್ಕಾ? ಜರಾ ತಿಕ್ಕಲೇನ್ರಿ?" ಎಂದು ಕೈ ಚಾಚಿದಳು.

"ಬ್ಯಾಡ, ಬ್ಯಾಡ," ಎನ್ನುತ್ತ ನನ್ನ ಗೆಳತಿ ಕಾಲನ್ನು ಸರಕ್ಕನೆ ಹಿಂದೆ ಎಳೆದುಕೊಂಡಳು. ಅದನ್ನು ನಾನೂ ನೋಡಿದೆ, ಹೊಲಿಗೆಯವಳೂ ನೋಡಿದಳು.