ಬೇಸ್ ಕ್ಯಾಂಪಿನಲ್ಲಿ ಕೇಳಿದ ಕರೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುವವನು ನಾನೇ ಆಗಿದ್ದೆ. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್ ಕೆಲಸ ನನ್ನದು. ದೆವ್ವದ ಸುದ್ದಿ ಎತ್ತುವ ಸಹೋದ್ಯೋಗಿಗಳಿಗೆ, ಮೊದಲು ಸರಿಯಾಗಿ ನಿದ್ದೆ ಮಾಡಿ ಎನ್ನುತ್ತಿದ್ದೆ. ಈಗ ಹಾಗನ್ನುವುದಿಲ್ಲ.

ಕೆಲವು ವರ್ಷಗಳ ಹಿಂದೆ ಮೆಲ್ಬರ್ನ್‌ನ ಗೆಳೆಯ ಲ್ಯಾನ್ಸಿಯ ಜೊತೆ ನೇಪಾಳದ ಒಂದು ಶಿಖರ ಹತ್ತಲು ಹೋಗಿದ್ದೆ. ಅವನು ಮೂಲತಃ ಮಂಗಳೂರಿನವನು, ಮಹಾ ಹಟಮಾರಿ. ಬೇಸ್ ಕ್ಯಾಂಪಿನ ಒಣ ಗಾಳಿಗೆ ಕೆಮ್ಮಿ ಕೆಮ್ಮಿ ಅವನ ಗಂಟಲು ಪೂರ್ತಿ ಕಟ್ಟಿಹೋಗಿತ್ತು, ಪಿಸುಮಾತೂ ಕಷ್ಟ. ಕೆಳಗಿಳಿಯೋಣ ಎಂದರೆ ಕೈಯಾಡಿಸಿ ಬೇಡವೆನ್ನುತ್ತಿದ್ದ. ಒಂದು ಬೆಳಿಗ್ಗೆ ಪರೀಕ್ಷಿಸಿದೆ, ಎದೆ ಸರಿಯಾಗಿಯೇ ಇತ್ತು. ಮರುದಿನ ಮೇಲಿನ ಕ್ಯಾಂಪಿಗೆ ಹೊರಡುವುದೆಂದಾಯಿತು.

ಅಂದೇ ಪೂಜೆ ಇತ್ತು. ಕಲ್ಲು ಪೇರಿಸಿದ ಪೀಠದ ಮುಂದೆ ಬೂಟು, ಹಿಮಗೊಡಲಿಗಳನ್ನಿಟ್ಟು ಪರ್ವತದ ಅಪ್ಪಣೆ ಕೇಳದೆ ಶೆರ್ಪಾಗಳು ಯಾರನ್ನೂ ಹತ್ತಲು ಬಿಡುವುದಿಲ್ಲ. ತಲೆ ಹೀಗೆ ಬೆಳ್ಳಗಾಗುವವರೆಗೆ ಬಾಳಿ ಎಂದು ನಮ್ಮ ಕೆನ್ನೆಗೆ ಹಿಟ್ಟು ಬಳಿದರು. ಲ್ಯಾನ್ಸಿ ಶಿಲುಬೆಯ ಗುರುತು ಮಾಡಿಕೊಂಡು ಬಳಿಸಿಕೊಂಡ. ನಾನು ನಗುತ್ತಾ ಫೋಟೊ ತೆಗೆದೆ. ಊಟ ಮುಗಿಸಿ ಅವರವರ ಟೆಂಟಿಗೆ ಹೋದೆವು.

ಮಧ್ಯಾಹ್ನ ಹಿಮ ಬೀಳುತ್ತಿತ್ತು. ನಾನು ಕುಳಿತು ಬೂಟಿನ ಲೇಸ್ ಬಿಗಿಯುತ್ತಿದ್ದೆ. ಟೆಂಟಿನ ಬಾಗಿಲಲ್ಲೇ ಲ್ಯಾನ್ಸಿಯ ದನಿ ಸ್ಪಷ್ಟವಾಗಿ ಕೇಳಿತು: "ಮಾರಾಯ, ಒಮ್ಮೆ ಹೊರಗೆ ಬಾ. ನನ್ನಿಂದ ಆಗುದಿಲ್ಲ."

ಮುಖ ಕಾಣದವರು ಕರೆದರೆ ಮೂರನೆಯ ಸಲದವರೆಗೆ ಓಗೊಡಬೇಡ ಎಂದು ಮೈಸೂರಿನಲ್ಲಿ ಅಜ್ಜಿ ಹೇಳುತ್ತಿದ್ದರು. ನೀವು ನಗಬಹುದು, ಏನನ್ನೂ ನಂಬದ ನಾನು ಬಾಯಿ ಮುಚ್ಚಿಕೊಂಡು ಎರಡನೆಯ ಕರೆಗೆ ಕಾದೆ. ಬರಲಿಲ್ಲ. ಆಗ ಹೊಳೆಯಿತು, ಅವನಿಗೆ ದನಿಯೇ ಇಲ್ಲವಲ್ಲ! ಅವನಿಗೇನೋ ಆಗಿರಬೇಕೆನ್ನಿಸಿ, ಅಜ್ಜಿಯ ಮಾತು ಮರೆತು "ಬಂದೆ" ಎಂದು ಕೂಗಿ ಜಿಪ್ ಎಳೆದೆ. ಹೊರಗೆ ಯಾರೂ ಇರಲಿಲ್ಲ. ಹೊಸ ಹಿಮದ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ.

ಅವನ ಟೆಂಟಿಗೆ ಓಡಿದೆ. ಲ್ಯಾನ್ಸಿ ಸ್ಲೀಪಿಂಗ್ ಬ್ಯಾಗಿನೊಳಗೆ ತುಟಿ ನೀಲಿಗಟ್ಟಿ ಬಿದ್ದಿದ್ದ. ಉಸಿರೆಳೆದಾಗಲೆಲ್ಲ ಎದೆಯೊಳಗೆ ನೀರು ಗೊರಗುಟ್ಟುತ್ತಿತ್ತು. ಆಮ್ಲಜನಕ ಹಾಕಿದೆ, ಶೆರ್ಪಾಗಳು ಸರದಿಯ ಮೇಲೆ ಬೆನ್ನಲ್ಲಿ ಹೊತ್ತು ಕೆಳಗಿನ ಊರಿಗೆ ಇಳಿಸಿದರು. ಎತ್ತರಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರ್. ನನಗೆ ಅಳು ತಡೆಯಲಾಗಲಿಲ್ಲ.

ಅಷ್ಟು ಎತ್ತರದಲ್ಲಿ ಇಲ್ಲದ ದನಿಗಳು ಕೇಳುವುದುಂಟು, ನನಗೂ ಗೊತ್ತು. ಆದರೆ ಸರಿಯಾದ ಹೊತ್ತಿಗೆ, ಸರಿಯಾದ ಮಾತೇ ಕೇಳಿಸಿದ್ದು ಹೇಗೆ?

ಮೊನ್ನೆ ಲ್ಯಾನ್ಸಿ ಸಿಡ್ನಿಗೆ ಬಂದಿದ್ದ. ಪೆಂಡಲ್ ಹಿಲ್‌ನಲ್ಲಿ ಒಂದು ಹೋಟೆಲಿಗೆ ಹೋಗಿ ದೋಸೆ ತಿನ್ನುತ್ತಾ ಮತ್ತೆ ಕೇಳಿದೆ: "ನಿಜ ಹೇಳೋ, ನೀನೇ ತಾನೆ ಕರೆದಿದ್ದು?"

"ನಾನೆಲ್ಲಿ ಕರೆದದ್ದು ಮಾರಾಯ? ನಂಗೆ ಪ್ರಜ್ಞೆಯೇ ಇರ್ಲಿಲ್ಲ. ಯಾರು ಕರೆದ್ರೆ ಏನು, ನೀನು ಬಂದೆಯಲ್ಲ, ಅಷ್ಟು ಸಾಕು."

ಅವನಿಗೆ ಸಾಕು. ನನಗೆ ಇಂದಿಗೂ ತಿಳಿಯಬೇಕು: ಆ ಮಧ್ಯಾಹ್ನ ನಾನು "ಬಂದೆ" ಎಂದದ್ದು ಯಾರಿಗೆ?