ತೋಳದ ಫಲಕಕ್ಕೊಂದು ಫೋಟೋ

ಬೆಳಗಿನ ಬಿಸಿಲು ಇನ್ನೂ ಗುಡ್ಡ ದಾಟಿಲ್ಲ. ಗೋಕಾಕ ಫಾಲ್ಸ್ ರಸ್ತೆಯಿಂದ ಒಳಗೆ ಸರಿದ ಸಣ್ಣ ಮೃಗಾಲಯದಲ್ಲಿ, ತೋಳದ ಆವರಣದ ಮುಂದೆ ಅನ್ನಪೂರ್ಣಾ ನೆಲದ ಮೇಲೆ ಕೂತಿದ್ದಾರೆ. ಸೆರಗನ್ನು ನಡುವಿಗೆ ಬಿಗಿದು, ಕ್ಯಾಮರಾದ ಮೂತಿಯನ್ನು ತಂತಿ ಜಾಳಿಗೆಯ ಕಂಡಿಗೆ ಹಚ್ಚಿದ್ದಾರೆ. ಒಳಗೆ ಕಲ್ಲಿನ ಗವಿ, ಗವಿಯೊಳಗೆ ತೋಳ. ಹೊರಗೆ ಬರುವ ಮನಸ್ಸು ಅದಕ್ಕಿನ್ನೂ ಆಗಿಲ್ಲ.

ಕೊಣ್ಣೂರಿನ ಈ ಐವತ್ತರ ಹೆಣ್ಣುಮಗಳ ಕ್ಯಾಮರಾಕ್ಕೆ ಸಿಗದ ಎಮ್ಮೆ, ಆಕಳು ಈ ಸೀಮೆಯಲ್ಲಿ ಕಡಿಮೆ. ಜಾನುವಾರು ವಿಮೆಗೆ ಬೇಕಾದ ಫೋಟೋ ತೆಗೆಯುವುದೇ ಅವರ ಕಸುಬು. ಸೋದರಮಾವನ ಸ್ಟುಡಿಯೋದಲ್ಲಿ ಕಸ ಹೊಡೆಯುತ್ತ, ಲೆನ್ಸು ಒರೆಸುತ್ತ ಕಲಿತದ್ದು. ಹೆಣ್ಣುಮಗಳು ಕ್ಯಾಮರಾ ಹಿಡಿದು ಹಂದರದ ತುಂಬ ಓಡಾಡುವುದು ಸರಿ ಕಾಣದೆ, ಮದುವೆಗೆ ಕರೆಯಲು ಮಂದಿ ಹಿಂದೆಮುಂದೆ ನೋಡಿದರು. ಕೊಟ್ಟಿಗೆಗೆ ಕರೆಯಲು ಯಾರೂ ಅನುಮಾನಿಸಲಿಲ್ಲ. ಹಾಗಾಗಿ ಸ್ಕೂಟಿ ಏರಿ ಇವತ್ತು ಘೋಡಗೇರಿ, ನಾಳೆ ಮೂಡಲಗಿ, ದಿನಕ್ಕೆ ಏಳೆಂಟು ಕೊಟ್ಟಿಗೆ. ಒಮ್ಮೆ ಎಮ್ಮೆ ಕೊಂಬು ಬೀಸಿ ಎಡಗೈ ಮುರಿದಿತ್ತು; ಆ ಕೈ ಈಗಲೂ ಪೂರಾ ಮೇಲೇಳುವುದಿಲ್ಲ. ಕ್ಯಾಮರಾವನ್ನು ಮೊಣಕಾಲ ಮೇಲೆ ಊರುತ್ತಾರೆ.

ದನದ ಫೋಟೋಕ್ಕೆ ಅದರದೇ ರಿವಾಜು ಇದೆ. ದನ ಅಡ್ಡ ನಿಲ್ಲಬೇಕು. ಕೊಂಬಿನಿಂದ ಬಾಲದವರೆಗೆ, ಕಿವಿಯ ಹಳದಿ ಬಿಲ್ಲೆ ಸಮೇತ ಕಾಣಬೇಕು. ಬದಿಗೆ ಮಾಲಕ ಹಗ್ಗ ಹಿಡಿದು ನಿಂತಿರಬೇಕು.

“ಮಾಲಕ ಇಲ್ಲದ ಫೋಟೋ ತಗೊಂಡು ಏನ್ ಮಾಡೂದೈತ್ರಿ? ಆ ದನ ಯಾರದೂ ಅಲ್ಲ ಅಂದಂಗಾತು” ಎನ್ನುತ್ತಾರೆ.

ಇದೇ ರೂಢಿ ಮೃಗಾಲಯದಲ್ಲಿ ಅವರನ್ನು ಎಡವಿಸಿತು. ಆವರಣಗಳ ಮುಂದೆ ಹಾಕುವ ಫಲಕಗಳಿಗೆ ಪ್ರಾಣಿಗಳ ಫೋಟೋ ಬೇಕೆಂದು ಹೋದ ವಾರ ಕರೆ ಬಂತು. ಇವರು ಚಿಗರಿ, ನರಿ, ನವಿಲು, ತೋಳ ಎಲ್ಲವನ್ನೂ ಬಾಲ ಸಮೇತ ಅಡ್ಡಕ್ಕೇ ತೆಗೆದರು. ಒಂದೊಂದರ ಬದಿಗೂ ಅವಕ್ಕೆ ಮೇವು, ಮಾಂಸ ಹಾಕುವ ದುರ್ಗಪ್ಪ ಖಾಕಿ ಅಂಗಿ ತೊಟ್ಟು, ಜಾಳಿಗೆ ಹಿಡಿದು, ಎದೆ ಸೆಟೆಸಿ ನಿಂತಿದ್ದ. ಮೇಲ್ವಿಚಾರಕಿ ಸುಜಾತಾ ನೋಡಿ ನೋಡಿ ನಕ್ಕರು.

“ಅಕ್ಕಾರ, ತ್ವಾಳಕ್ಕೂ ವಿಮಾ ಮಾಡಸಾವ್ರೇನ್ರಿ?”

ಅನ್ನಪೂರ್ಣಾ ತಾವೂ ನಕ್ಕು, ತಪ್ಪು ಒಪ್ಪಿಕೊಂಡು, ದುರ್ಗಪ್ಪನನ್ನು ದೂರ ಕಳಿಸಿ ಒಂದೊಂದನ್ನೇ ಮತ್ತೆ ತೆಗೆದರು. ಉಳಿದದ್ದು ತೋಳವೊಂದೇ. ಮರಿಯಿದ್ದಾಗಿನಿಂದ ಸಾಕಿದ ದುರ್ಗಪ್ಪ ಕಣ್ಣಿಗೆ ಬೀಳದಿದ್ದರೆ ಅದು ಗವಿ ಬಿಟ್ಟು ಕದಲುವುದಿಲ್ಲ. ಫಲಕಗಳು ಇವತ್ತೇ ಅಚ್ಚಿಗೆ ಹೋಗುತ್ತವೆ. ಮಧ್ಯಾಹ್ನದೊಳಗೆ ಫೋಟೋ ಸಿಗದಿದ್ದರೆ ಇಂಟರ್ನೆಟ್ಟಿನಿಂದ ಯಾವ ದೇಶದ್ದೋ ತೋಳವೊಂದು ಬಂದು ಆ ಜಾಗದಲ್ಲಿ ಕೂರುತ್ತದೆ.

ಅನ್ನಪೂರ್ಣಾರಿಗೆ ಇದು ಸಣ್ಣ ಮಾತಲ್ಲ. ಇಷ್ಟು ವರ್ಷ ತೆಗೆದ ಫೋಟೋಗಳೆಲ್ಲ ವಿಮಾ ಕಚೇರಿಯ ಕಡತ ಸೇರಿವೆ.

“ನನ್ನ ಫೋಟೋ ಮಂದಿ ತಗದು ನೋಡೂದು ದನ ಸತ್ತ ಮ್ಯಾಲರಿ. ಇದೊಂದನ್ನಾದ್ರೂ ಬದುಕಿದ್ದಾಗ ನೋಡ್ಲಿ.”

ಬಿಸಿಲು ಏರುತ್ತದೆ. ಶಾಲೆಯ ಮಕ್ಕಳ ಗಾಡಿಯೊಂದು ಗೇಟಿನ ಬಳಿ ಬಂದು ನಿಲ್ಲುತ್ತದೆ. ಆ ಗದ್ದಲ ಇಲ್ಲಿಗೆ ಮುಟ್ಟಿದರೆ ತೋಳ ಸಂಜೆಯವರೆಗೂ ಹೊರಬೀಳದು. ಅನ್ನಪೂರ್ಣಾ ಎದ್ದು ಸೀರೆಯ ಮಣ್ಣು ಕೊಡವುತ್ತಾರೆ. ಎಮ್ಮೆ ತಲೆ ಎತ್ತದೆ ಹಟ ಹಿಡಿದಾಗ ಅದರ ಕರುವನ್ನು ತಂದು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಳ್ಳುವುದು ಕೊಟ್ಟಿಗೆಯಲ್ಲಿ ಅವರ ಉಪಾಯ. ನೀರಿನ ಟಾಕಿಯ ಮರೆಯಲ್ಲಿ ನಿಂತಿದ್ದ ದುರ್ಗಪ್ಪನನ್ನು ಕೈಮಾಡಿ ಕರೆಯುತ್ತಾರೆ.

“ನನ್ನ ಹಿಂದ ಬಂದ್ ನಿಂದ್ರಪಾ. ಇವತ್ತ ನೀನ ಕರಾ.”

“ಅವತ್ತ ಮಾಲಕನ್ನ ಮಾಡಿದ್ರಿ, ಇವತ್ತ ಕರಾ ಮಾಡಿದ್ರಿ. ನಾಳೆ ಏನ್ ಮಾಡಾವ್ರಿ ಅಕ್ಕಾರ?” ಎನ್ನುತ್ತಲೇ ಅವನು ಬಂದು ನಿಲ್ಲುತ್ತಾನೆ. ಕರೆಯುವುದಿಲ್ಲ, ಸಿಳ್ಳೆ ಹಾಕುವುದಿಲ್ಲ. ಒಮ್ಮೆ ಕೆಮ್ಮುತ್ತಾನೆ, ಅಷ್ಟೆ.

ಗವಿಯ ಬಾಯಲ್ಲಿ ಮೊದಲು ಕಿವಿ, ಆಮೇಲೆ ಮುಖ. ತೋಳ ಬಿಸಿಲಿಗೆ ಬಂದು, ಮುಂಗಾಲು ಜೋಡಿಸಿ ಕೂತು, ನೆಟ್ಟಗೆ ಕ್ಯಾಮರಾದ ಕಡೆಗೆ ನೋಡುತ್ತದೆ. ಈ ಸಲ ಅಡ್ಡ ಇಲ್ಲ, ಬಾಲವೂ ಕಾಣುವುದಿಲ್ಲ. ಅನ್ನಪೂರ್ಣಾ ಉಸಿರು ಹಿಡಿದು ಬಟನ್ ಒತ್ತುತ್ತಾರೆ.

ಸುಜಾತಾ ಫೋಟೋ ನೋಡಿ, ಇನ್ನೊಂದು ತೆಗೆಯುವುದು ಬೇಡ ಎಂದು ಅಚ್ಚಿನವರಿಗೆ ಫೋನ್ ಮಾಡಲು ಹೋಗುತ್ತಾರೆ. ದುರ್ಗಪ್ಪ ಬಗ್ಗಿ ಪರದೆ ನೋಡುತ್ತಾನೆ. ತಾನು ಇದರಲ್ಲಿ ಎಲ್ಲೂ ಬಂದಿಲ್ಲವಲ್ಲ ಎನ್ನುತ್ತಾನೆ.

“ನೀ ಬಂದಿಲ್ಲ. ಅದು ನೋಡಾಕತ್ತಿದ್ದು ಯಾರನ್ನ?” ಎಂದು ಅನ್ನಪೂರ್ಣಾ ಕೇಳುತ್ತಾರೆ. ಅವನು ಇನ್ನೊಮ್ಮೆ ನೋಡಿ, ಮಾಂಸದ ಬುಟ್ಟಿ ಎತ್ತಿಕೊಂಡು ನರಿಯ ಕಡೆ ನಡೆಯುತ್ತಾನೆ.

ಫಲಕದ ಕೆಳಗೆ ನಿಮ್ಮ ಹೆಸರು ಹಾಕಿಸಬೇಕೇ ಎಂದು ಕೇಳಿದರೆ ಅನ್ನಪೂರ್ಣಾ ಬೇಡವೆಂದು ತಲೆಯಾಡಿಸುತ್ತಾರೆ. ಲೆನ್ಸಿಗೆ ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿ, ಸ್ಕೂಟಿಯ ಕಡೆ ಹೊರಡುತ್ತ ಹೇಳುತ್ತಾರೆ:

“ಈ ಫೋಟೋಕ್ಕೂ ಮಾಲಕ ಅದಾನ್ರಿ. ನೋಡಾಕ ಬಂದ ಮಂದಿ ನಿಂದ್ರತಾರಲ್ಲ, ಆ ಜಾಗಾದಾಗ ನಿಂತಾನ.”